ಗಂಗಾವತಿಯಲ್ಲೇ ಇದ್ದು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯೋದು ಕಲಿಯಬಹುದಾ? ಎಷ್ಟು ವರ್ಷ ಬೇಕು?

ಗಂಗಾವತಿ ಹುಡುಗಿ
ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಬಿ.ಕಾಂ ಮುಗಿಸಿ ಇಲ್ಲೇ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಸ್ಕೂಲಲ್ಲಿದ್ದಾಗ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿದ್ದೆ. ಆಮೇಲೆ ಬಿಟ್ಟುಹೋಗಿತ್ತು.

ಹೋದ ವರ್ಷ ಅಕ್ಕನ ಮಗನಿಗೆ ಒಂದು ಪುಸ್ತಕ ಓದಿ ಹೇಳುತ್ತಿದ್ದೆ. ಅವನಿಗೆ ನಾಲ್ಕು ವರ್ಷ. ನಾನು ಓದುವುದನ್ನು ಅವನು ಅಷ್ಟಾಗಿ ಕೇಳಲಿಲ್ಲ. ಪ್ರತಿ ಪುಟದ ಮೂಲೆಯಲ್ಲೂ ಒಂದು ಬೆಕ್ಕು ಇತ್ತು, ಅದನ್ನೇ ಹುಡುಕುತ್ತಿದ್ದ. ಕಥೆಯಲ್ಲಿ ಬೆಕ್ಕಿನ ಸುದ್ದಿಯೇ ಇಲ್ಲ. ಚಿತ್ರ ಬರೆದವರು ತಾವಾಗಿ ಸೇರಿಸಿದ್ದಾರೆ. ಅವತ್ತಿನಿಂದ ಈ ಕೆಲಸ ಕಲಿಯಬೇಕು ಅನ್ನೋದು ತಲೆಯಿಂದ ಹೋಗುತ್ತಿಲ್ಲ.

ನಾನೇ ಒಂದು ಕಥೆಗೆ 12 ಚಿತ್ರ ಬರೆದೆ. ಒಂದೊಂದನ್ನೇ ನೋಡಿದರೆ ಚೆನ್ನಾಗಿದೆ. ಸಾಲಾಗಿ ಇಟ್ಟರೆ ಅದೇ ಹುಡುಗಿ ಒಂದೊಂದು ಚಿತ್ರದಲ್ಲಿ ಒಂದೊಂದು ಥರ ಕಾಣುತ್ತಾಳೆ. ಎರಡು ಕಡೆ ಕಳಿಸಿದೆ. ನಾಲ್ಕು ತಿಂಗಳಾಯಿತು, ಉತ್ತರ ಇಲ್ಲ.

ಅಪ್ಪ ಬ್ಯಾಂಕ್ ಪರೀಕ್ಷೆಗೆ ಓದು ಅನ್ನುತ್ತಾರೆ. ಎರಡು ವರ್ಷ ಟೈಮ್ ಕೇಳಿದ್ದೇನೆ. ಎರಡು ವರ್ಷ ಸಾಕಾಗುತ್ತಾ? ಕಾಲೇಜಿಗೆ ಸೇರಲೇಬೇಕಾ? ಟ್ಯಾಬ್ಲೆಟ್ ಬೇಕಾ? ಊರು ಬಿಡಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬಿಸಿಲೂರು (ರಾಯಚೂರು)
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿಗೆ ಹೋಗಿ. ಪ್ರಕಾಶಕರು, ಸಂಪಾದಕರು ಜಾಸ್ತಿ ಜನ ಅಲ್ಲೇ ಇದ್ದಾರೆ. ಇಲ್ಲಿ ಕೂತು ಮೇಲ್ ಕಳಿಸಿದರೆ ಯಾರು ತೆರೆದು ನೋಡುತ್ತಾರೆ?

ಹಗರಿ ದಂಡೆ
ಅಲ್ಲಿನ ಬಾಡಿಗೆ ಯಾರು ಕಟ್ಟುತ್ತಾರೆ ಅಣ್ಣ?

ಎರೆಹೊಲ
ಬೆಕ್ಕು ಹುಡುಕೋದು ನಮ್ಮ ಮನೆಯಲ್ಲೂ ಇದೆ. ನಮ್ಮ ಮಗಳಿಗೆ ಓದೋಕೆ ಬರಲ್ಲ. ಆದರೆ ಚಿತ್ರ ತಪ್ಪಿದ್ದರೆ ತಕ್ಷಣ ಹೇಳುತ್ತಾಳೆ. ಹಿಂದಿನ ಪುಟದಲ್ಲಿ ಎರಡು ಜಡೆ ಇತ್ತು, ಈಗ ಒಂದೇ ಯಾಕೆ ಅಂತ.

ಕೊಪ್ಪಳ ಪೆನ್ಸಿಲ್
ತಂಗಿ, ನಾನು ಕೊಪ್ಪಳದವಳು, ಈಗಲೂ ಇಲ್ಲೇ ಇದ್ದೇನೆ. ಇಲ್ಲಿಂದಲೇ ಐದು ಪುಸ್ತಕಕ್ಕೆ ಚಿತ್ರ ಬರೆದಿದ್ದೇನೆ. ಮೊದಲನೇದು ಅಚ್ಚಾಗಿ ಕೈಗೆ ಬಂದಾಗ ಶುರು ಮಾಡಿ ಆರು ವರ್ಷ ಆಗಿತ್ತು. ನಿನಗೂ ಆರೇ ಆಗಬೇಕು ಅಂತಲ್ಲ. ಆದರೆ ಎರಡೇ ವರ್ಷ ಅಂತ ಅಪ್ಪನಿಗೆ ಮಾತು ಕೊಡಬೇಡ.

ನನ್ನ ಮೊದಲ ಎರಡು ವರ್ಷ ಪೂರ್ತಿ ದಾರಿ ತಪ್ಪಿತ್ತು. ಮೊಬೈಲಿನಲ್ಲಿ ಚೆಂದ ಕಂಡ ಚಿತ್ರ ಇಟ್ಟುಕೊಂಡು ನೋಡಿ ನೋಡಿ ಬರೆಯುತ್ತಿದ್ದೆ. ಕೈ ಪಳಗಿತು, ಅದು ಸುಳ್ಳಲ್ಲ. ಆದರೆ ಏನು ಬರೆದೆ ಗೊತ್ತಾ? ಒಂದು ಕಥೆಗೆ ಅಜ್ಜಿ ರೊಟ್ಟಿ ಮಾಡುವ ಚಿತ್ರ ಬೇಕಿತ್ತು. ಬಣ್ಣ ಎಲ್ಲ ತುಂಬಿ ಪಕ್ಕದ ಮನೆ ಮಕ್ಕಳಿಗೆ ತೋರಿಸಿದೆ. ಒಂದು ಹುಡುಗ "ಇದು ಚಪಾತಿ" ಅಂದ. ನಾನು ಅಜ್ಜಿಯ ಕೈಗೆ ಲಟ್ಟಣಿಗೆ ಕೊಟ್ಟಿದ್ದೆ! ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಜೋಳದ ರೊಟ್ಟಿ ಬಡಿಯುವ ಸದ್ದಿಗೇ ನಾನು ಏಳುತ್ತಿದ್ದದ್ದು. 25 ವರ್ಷ ಕೇಳಿದ್ದೆ, ಒಂದು ದಿನವೂ ಆ ಕೈಯನ್ನು ನೋಡಿರಲಿಲ್ಲ.

ಆಮೇಲೆ ಒಂದು ತಿಂಗಳು ಅಡುಗೆ ಮನೆಯಲ್ಲಿ ಕೂತು ಅಮ್ಮನ ಕೈ ಬರೆದೆ. ಬಲಗೈ ಬಡಿಯುತ್ತೆ, ಎಡಗೈ ಬೆರಳು ಅಂಚನ್ನು ಹಿಡಿದು ರೊಟ್ಟಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಇರುತ್ತೆ. ಭುಜ ಮುಂದಕ್ಕೆ ಬಾಗುತ್ತೆ. ಅದನ್ನು ಹಿಡಿಯೋಕೆ ನನಗೆ ಒಂದು ನೋಟ್‌ಬುಕ್ ಮುಗಿಯಿತು. ನಾನು ನಿಜವಾಗಿ ಕಲಿಯೋಕೆ ಶುರು ಮಾಡಿದ್ದು ಅಲ್ಲಿಂದ ಅಂತ ಲೆಕ್ಕ ಹಾಕುತ್ತೇನೆ.

ಮೂರನೇ ವರ್ಷ ಬಸ್ ಸ್ಟ್ಯಾಂಡು. ಸಂಜೆ ಕೆಲಸ ಬಿಟ್ಟ ಮೇಲೆ ಅರ್ಧ ಗಂಟೆ. ಬಸ್ಸಿಗೆ ಕಾಯುವವರು ಐದು ನಿಮಿಷ ಒಂದೇ ಭಂಗಿಯಲ್ಲಿ ಇರುತ್ತಾರೆ. ಮಕ್ಕಳು ಐದು ಸೆಕೆಂಡ್ ಕೂಡ ಇರಲ್ಲ. ಹಾಗಾಗಿ ಮಕ್ಕಳನ್ನು ಬರೆಯುವಾಗ ಕಣ್ಣು ಮೂಗು ಬಿಟ್ಟುಬಿಡು. ಬೆನ್ನು ಹೇಗೆ ಬಾಗಿದೆ, ಭಾರ ಯಾವ ಕಾಲ ಮೇಲಿದೆ, ಅಷ್ಟೇ ಹಿಡಿ.

ನಿನ್ನ 12 ಹುಡುಗಿಯರ ತೊಂದರೆ ಬಗ್ಗೆ ಬೇರೆ ಬರೆಯುತ್ತೇನೆ. ಈಗ ಊಟದ ಹೊತ್ತು.

ಅಂಗನವಾಡಿ ಅಕ್ಕ (ರಾಯಚೂರು ಜಿಲ್ಲೆ)
ರೊಟ್ಟಿ ಮಾತು ಓದಿ ಇಲ್ಲೇ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಕೇಂದ್ರಕ್ಕೆ ಬರುವ ಪುಸ್ತಕ, ಚಾರ್ಟುಗಳಲ್ಲಿ ಮನೆ ಅಂದರೆ ಇಳಿಜಾರು ಕೆಂಪು ಹೆಂಚು, ಹಿಂದೆ ಹಸಿರು ಗುಡ್ಡ. ನಮ್ಮೂರಲ್ಲಿ ಮನೆ ಮಾಳಿಗೆ ಚಪ್ಪಟೆ. ಬೇಸಿಗೆಯಲ್ಲಿ ಎಲ್ಲರೂ ಅದರ ಮೇಲೇ ಮಲಗೋದು. ಗುಡ್ಡದ ಮೇಲೆ ಬರೀ ಬಂಡೆ. ಮಕ್ಕಳಿಗೆ "ಇದು ಏನು" ಅಂತ ಕೇಳಿದರೆ "ಮನೆ" ಅಂತ ಹೇಳುತ್ತಾರೆ, ಕಲಿತುಬಿಟ್ಟಿದ್ದಾರೆ. "ನಿಮ್ಮ ಮನೆ ಬರೀರಿ" ಅಂದರೂ ಇಳಿಜಾರು ಹೆಂಚೇ ಬರೆಯುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಗಂಗಾವತಿ ತಂಗಿ, ನೀನು ಚಪ್ಪಟೆ ಮಾಳಿಗೆ ಬರಿ. ಮೊದಲ ಪುಸ್ತಕ ನಾನು ಕೊಂಡುಕೊಳ್ಳುತ್ತೇನೆ.

ಬಿಸಿಲೂರು (ರಾಯಚೂರು)
ಇದೆಲ್ಲ ಕೇಳೋಕೆ ಚೆನ್ನಾಗಿದೆ. ಆದರೆ ಈಗ ಎಐ ಬಂದಿದೆ. ಒಂದು ಸಾಲು ಟೈಪ್ ಮಾಡಿದರೆ ಚಿತ್ರ ಬರುತ್ತೆ. ಆರು ವರ್ಷ ಕಷ್ಟಪಟ್ಟು ಕಲಿತು ಬರುವಷ್ಟರಲ್ಲಿ ಕೆಲಸವೇ ಇಲ್ಲದಿದ್ದರೆ? ನನ್ನ ತಂಗಿ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಕಿನ್ನಾಳ ಬಣ್ಣ
ಅಣ್ಣ, ನಾವು ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು. ಪ್ಲಾಸ್ಟಿಕ್ ಗೊಂಬೆ ಬಂದಾಗ ನಮ್ಮ ಮನೆಯವರಿಗೂ ಇದನ್ನೇ ಹೇಳಿದ್ದರು.

ಬಿಸಿಲೂರು (ರಾಯಚೂರು)
ಹೇಳಿದ್ದು ಸುಳ್ಳಾಯಿತಾ? ಕಿನ್ನಾಳದಲ್ಲಿ ಈಗ ಎಷ್ಟು ಮನೆಯವರು ಗೊಂಬೆ ಮಾಡುತ್ತಾರೆ?

ಕಿನ್ನಾಳ ಬಣ್ಣ
ಕಡಿಮೆ ಆಗಿದ್ದಾರೆ. ಒಪ್ಪುತ್ತೇನೆ. ಆದರೆ ಉಳಿದವರು ಯಾಕೆ ಉಳಿದರು ಅನ್ನೋದನ್ನೂ ನೋಡಬೇಕು ಅಲ್ವಾ.

ನಮ್ಮ ಕೆಲಸ ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ತಂಗಿಗೆ ಉಪಯೋಗ ಆಗಬಹುದು. ಹಗುರ ಮರದಲ್ಲಿ ಗೊಂಬೆ ಕೆತ್ತುತ್ತೇವೆ. ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತೇವೆ. ಮರದ ಹೊಟ್ಟು, ನೆನೆಸಿದ ಸೆಣಬು, ಅಂಟು ಸೇರಿಸಿ ಅರೆದು ಮೆತ್ತಿ ಗೊಂಬೆಯ ಉಬ್ಬು ತಗ್ಗು ಸರಿ ಮಾಡುತ್ತೇವೆ. ಅದರ ಮೇಲೆ ಬಿಳಿ ಕಲ್ಲಿನ ಪುಡಿಯ ಲೇಪ. ಅದು ಒಣಗಿದ ಮೇಲೇ ಬಣ್ಣ. ಕಣ್ಣು ಬರೆಯೋದು ಎಲ್ಲಕ್ಕಿಂತ ಕೊನೆಗೆ. ನನ್ನ ಕೈಗೆ ಕಣ್ಣು ಬರೆಯುವ ಕುಂಚ ಕೊಡುವಷ್ಟರಲ್ಲಿ ಐದು ವರ್ಷ ಆಗಿತ್ತು. ಅಲ್ಲಿವರೆಗೂ ಉಜ್ಜು, ಅಂಟು ಕಾಯಿಸು, ಬಿಳಿ ಹಚ್ಚು. ಆಗ ತುಂಬಾ ಸಿಟ್ಟು ಬರುತ್ತಿತ್ತು. ಆದರೆ ಐದು ವರ್ಷ ಬರೀ ಗೊಂಬೆಯ ಮೈ ಮುಟ್ಟಿ ಮುಟ್ಟಿ, ಯಾವ ಮುಖಕ್ಕೆ ಕಣ್ಣು ಎಲ್ಲಿ ಕೂರುತ್ತೆ ಅನ್ನೋದು ಕೈಗೇ ಗೊತ್ತಾಗಿತ್ತು.

ಹಗರಿ ದಂಡೆ
ಕಿನ್ನಾಳ ಗೊಂಬೆಗೆ, ಆ ಊರಿನದೇ ಅಂತ ಗುರುತಿಸುವ ಜಿಐ ಟ್ಯಾಗ್ ಇದೆ ಅಲ್ವಾ?

ಕಿನ್ನಾಳ ಬಣ್ಣ
ಇದೆ.

ಡ್ರಾಯಿಂಗ್ ಮೇಷ್ಟ್ರು (ಸಿಂಧನೂರು)
ಹೈಸ್ಕೂಲಲ್ಲಿ 31 ವರ್ಷ ಚಿತ್ರಕಲೆ ಕಲಿಸಿ ರಿಟೈರ್ ಆಗಿದ್ದೇನೆ. ಕಾಲೇಜಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಹಾಗಾಗಿ ಬರೆಯುತ್ತೇನೆ.

ನಮ್ಮ ಕಡೆಗೆ ಹತ್ತಿರ ಅಂದರೆ ಕಲಬುರಗಿಯ ಎಂ.ಎಂ.ಕೆ. ದೃಶ್ಯಕಲಾ ಕಾಲೇಜು. ದೂರ ಹೋಗುವುದಾದರೆ ಮೈಸೂರಿನ ಕಾವಾ ಅನ್ನೋ ಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಬಿವಿಎ, ಅಂದರೆ ದೃಶ್ಯಕಲೆಯ ಪದವಿ, ನಾಲ್ಕು ವರ್ಷ. ಅಲ್ಲಿ ಮೈಕಟ್ಟು, ಬೆಳಕು ನೆರಳು, ಅಚ್ಚಿನ ಕಲೆ ಎಲ್ಲ ಗಟ್ಟಿಯಾಗಿ ಕಲಿಯಬಹುದು. ಜೊತೆಗೆ ಚಿತ್ರ ನೋಡಿ ತಪ್ಪು ಹೇಳುವ ಗೆಳೆಯರು ಸಿಗುತ್ತಾರೆ, ಅದು ದೊಡ್ಡದು. ಆದರೆ ಕಥೆಗೆ ಚಿತ್ರ ಬರೆಯೋದು ಬೇರೆ ವಿದ್ಯೆ, ಅದನ್ನು ನೀವೇ ಕಲಿಯಬೇಕು. ಗೋಡೆಗೆ ಹಾಕುವ ಚಿತ್ರ ಒಂದೇ ಸಲಕ್ಕೆ ಎಲ್ಲ ಹೇಳಿ ಮುಗಿಸಬೇಕು. ಪುಸ್ತಕದ ಚಿತ್ರ ಅರ್ಧ ಹೇಳಿ ಪುಟ ತಿರುಗಿಸಬೇಕು ಅನ್ನುವ ಆಸೆ ಹುಟ್ಟಿಸಬೇಕು.

ಲೋಯರ್, ಹೈಯರ್ ಪಾಸಾಗಿದ್ದೀರಿ, ಒಳ್ಳೇದು. ಆದರೆ ಆ ಪರೀಕ್ಷೆಗೆ ನಾವು ಮಕ್ಕಳಿಗೆ ಹೂಜಿ, ಹೂವು, ವಿನ್ಯಾಸ ಅಂತ ತಯಾರಿ ಮಾಡಿಸುತ್ತೇವೆ. ಓಡುವ ಮಗುವನ್ನು ಬರೆಸೋದು ಕಡಿಮೆ. ಮಕ್ಕಳನ್ನು ಬರೆಯುವಾಗ ಜಾಸ್ತಿ ಜನ ಮಾಡುವ ತಪ್ಪು ಅಂದರೆ ದೊಡ್ಡವರನ್ನೇ ಸಣ್ಣದಾಗಿ ಬರೆಯೋದು. ದೊಡ್ಡವರ ಎತ್ತರವನ್ನು ಏಳು, ಏಳೂವರೆ ತಲೆ ಅಂತ ಲೆಕ್ಕ ಹಾಕುತ್ತೇವೆ. ಐದು ವರ್ಷದ ಮಗು ಐದು, ಐದೂವರೆ ತಲೆ ಅಷ್ಟೇ. ಕೂಸಿಗೆ ನಾಲ್ಕು. ಕಣ್ಣು ಮುಖದ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬರುತ್ತೆ, ಹಣೆ ದೊಡ್ಡದು. ಇಷ್ಟು ಸರಿ ಮಾಡಿಕೊಂಡರೆ ಅರ್ಧ ಕೆಲಸ ಆಯಿತು.

ಕೊಪ್ಪಳ ಪೆನ್ಸಿಲ್
ಮೇಷ್ಟ್ರೇ, ತಲೆ ಲೆಕ್ಕ ನನಗೆ ನಾಲ್ಕನೇ ವರ್ಷದಲ್ಲಿ ಗೊತ್ತಾಯಿತು. ಮೊದಲೇ ಸಿಕ್ಕಿದ್ದರೆ ಎಷ್ಟೊಂದು ಕಾಗದ ಉಳಿಯುತ್ತಿತ್ತು!

ತಂಗಿ, ಈಗ ನಿನ್ನ 12 ಹುಡುಗಿಯರ ವಿಷಯ. ಕಥೆಗೆ ಕೈ ಹಾಕುವ ಮೊದಲು ಆ ಹುಡುಗಿಯನ್ನೇ ಒಂದು ದೊಡ್ಡ ಹಾಳೆಯಲ್ಲಿ ಬರಿ. ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ, ಮುಕ್ಕಾಲು ತಿರುಗಿದ ಮುಖ. ಅಳುವಾಗ, ಮಲಗಿದಾಗ, ಸಿಟ್ಟು ಬಂದಾಗ. ಆಮೇಲೆ ಅವಳನ್ನು ಪೂರ್ತಿ ಕಪ್ಪು ಮಸಿಯಿಂದ ತುಂಬು. ಬರೀ ನೆರಳು ನೋಡಿದರೂ ಅವಳೇ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಜಡೆ ಬದಲಿಸು, ಲಂಗದ ಅಳತೆ ಬದಲಿಸು, ಕತ್ತು ಸ್ವಲ್ಪ ಉದ್ದ ಮಾಡು. ನನ್ನ ಮೊದಲ ಪುಸ್ತಕದ ಹುಡುಗನನ್ನು 60 ಸಲ ಬರೆದ ಮೇಲೆ ಕಥೆಗೆ ಕೂತೆ.

ಇನ್ನೊಂದು ಅಭ್ಯಾಸ ಹೇಳುತ್ತೇನೆ, ನನಗೆ ಇದರಷ್ಟು ಯಾವುದೂ ಕಲಿಸಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, 2015ರಲ್ಲಿ ಶುರುವಾದದ್ದು. ಕನ್ನಡದ ಎಷ್ಟೋ ಕಥೆ ಅಲ್ಲಿ ಉಚಿತ. ಗೊತ್ತಿರುವ ಯಾರಿಗಾದರೂ ಹೇಳಿ ಒಂದು ಕಥೆಯ ಮಾತು ಮಾತ್ರ ಕಾಗದದ ಮೇಲೆ ಬರೆಸಿಕೋ. ಚಿತ್ರ ನೋಡಬೇಡ. ಬೆಂಕಿಪೊಟ್ಟಣದಷ್ಟು ಚೌಕ ಹಾಕಿ, ಯಾವ ಪುಟದಲ್ಲಿ ಏನು ಬರಬೇಕು ಅಂತ ನೀನೇ ಬರಿ. ಮುಗಿದ ಮೇಲೆ ಪುಸ್ತಕ ತೆರೆದು ನೋಡು. ಅವರು ಎಲ್ಲಿ ಹತ್ತಿರ ಹೋಗಿದ್ದಾರೆ, ಎಲ್ಲಿ ಮೇಲಿನಿಂದ ನೋಡಿದ್ದಾರೆ, ಎಲ್ಲಿ ಪುಟ ಖಾಲಿ ಬಿಟ್ಟಿದ್ದಾರೆ. ನಾನು ಒಂದೂವರೆ ವರ್ಷದಲ್ಲಿ 40 ಕಥೆ ಹೀಗೆ ಮಾಡಿದೆ. ಮೊದಲ ಹತ್ತರಲ್ಲಿ ನನ್ನ ಎಲ್ಲ ಚೌಕದಲ್ಲೂ ಜನ ನಡುವೆ ನಿಂತು ನಮ್ಮ ಕಡೆ ನೋಡುತ್ತಿದ್ದರು, ಗ್ರೂಪ್ ಫೋಟೋಗೆ ನಿಂತ ಹಾಗೆ.

ಎರೆಹೊಲ
ಅಕ್ಕ, ಟ್ಯಾಬ್ಲೆಟ್ ಬೇಕಾ ಬೇಡವಾ ಅನ್ನೋದು ಉಳಿಯಿತು.

ಕೊಪ್ಪಳ ಪೆನ್ಸಿಲ್
ಮೊದಲ ಮೂರು ವರ್ಷ ಬೇಡ. 2ಬಿ ಪೆನ್ಸಿಲ್, ಕಾರ್ಟ್ರಿಡ್ಜ್ ಹಾಳೆ, ಕ್ಯಾಮ್ಲಿನ್ ಪೋಸ್ಟರ್ ಬಣ್ಣ ಸಾಕು. ಜಲವರ್ಣ ಬೇಕಾದರೆ ಮಾತ್ರ 300 ಜಿಎಸ್‌ಎಂ ದಪ್ಪ ಹಾಳೆ, ಇಲ್ಲದಿದ್ದರೆ ಮುದುರುತ್ತೆ. ಆಮೇಲೆ ಬೇಕು ಅನ್ನಿಸಿದರೆ ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆನ್ ಟ್ಯಾಬ್ಲೆಟ್. ನಾನು ತೆಗೆದುಕೊಂಡಿದ್ದು 3,800 ರೂಪಾಯಿಯದು. ಕ್ರಿತಾ ಅನ್ನೋ ಸಾಫ್ಟ್‌ವೇರ್ ಉಚಿತ. ದುಬಾರಿ ಐಪ್ಯಾಡ್ ಇದ್ದರೇ ಆಗೋದು ಅಂತ ಯಾರಾದರೂ ಹೇಳಿದರೆ ನಂಬಬೇಡ.

ಪ್ರೆಸ್ ಮನೆ (ಬಳ್ಳಾರಿ)
ಆಫ್‌ಸೆಟ್ ಪ್ರೆಸ್ಸಿನಲ್ಲಿ 18 ವರ್ಷದಿಂದ ಇದ್ದೇನೆ. ಚಿತ್ರ ಬರೆಯುವವರು ಅಚ್ಚಿನ ಕೆಲಸ ತಿಳಿದುಕೊಳ್ಳದೆ ಬರುತ್ತಾರೆ, ಆಮೇಲೆ ಬಣ್ಣ ಹಾಳಾಯಿತು ಅಂತ ನಮ್ಮನ್ನು ಬೈಯುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಂದು ದೊಡ್ಡ ಹಾಳೆಯ ಎರಡೂ ಕಡೆ ಮುದ್ರಿಸಿ ಮಡಚಿದರೆ 16 ಪುಟ. ಅದಕ್ಕೇ ಮಕ್ಕಳ ಪುಸ್ತಕ 16, 24, 32 ಪುಟ ಅಂತ ಇರೋದು. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರ ಲೆಕ್ಕದಲ್ಲೇ ಬರಬೇಕು. ನೀವು 12 ಚಿತ್ರ ಬರೆದಿದ್ದೀರಿ. ಅವು ಎಷ್ಟು ಪುಟಕ್ಕೆ ಕೂರುತ್ತವೆ, ಹೆಸರಿನ ಪುಟ ಎಲ್ಲಿ, ಎದುರು ಬದುರು ಪುಟ ಯಾವುದು ಅಂತ ಮೊದಲು ಲೆಕ್ಕ ಹಾಕಿ. ಬಿಳಿ ಹಾಳೆ ಮಡಚಿ ಹೊಲಿದು ಡಮ್ಮಿ ಮಾಡಿ, ಪೆನ್ಸಿಲಿನಲ್ಲಿ ಬರೆದು ಪುಟ ತಿರುಗಿಸಿ ನೋಡಿ.

ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮುಖವನ್ನು ನಡುವಿನ ಮಡಿಕೆಗೆ ತರಬೇಡಿ. ಮೂಗು ಒಳಗೆ ಹೋಗಿಬಿಡುತ್ತೆ. ಅಂಚಿನಾಚೆ ಎಲ್ಲ ಕಡೆ 3 ಮಿಲಿಮೀಟರ್ ಜಾಸ್ತಿ ಬಣ್ಣ ಬಿಡಿ, ಕಟಿಂಗ್ ಸ್ವಲ್ಪ ಆಚೀಚೆ ಆದರೆ ಬಿಳಿ ಗೆರೆ ಕಾಣಬಾರದು. ಸ್ಕ್ಯಾನ್ 300 ಡಿಪಿಐಗಿಂತ, ಅಂದರೆ ಇಂಚಿಗೆ 300 ಚುಕ್ಕಿಗಿಂತ, ಕಡಿಮೆ ಬೇಡ.

ಬಣ್ಣ. ಗಂಗಾವತಿ ಕಡೆಯ ಭತ್ತದ ಎಳೆ ಹಸಿರು ಇದೆಯಲ್ಲ, ಅದು ಮೊಬೈಲಿನಲ್ಲಿ ಹೊಳೆಯುತ್ತೆ, ಕಾಗದದಲ್ಲಿ ಬರಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತೆ, ನಾವು ನಾಲ್ಕು ಶಾಯಿಯಿಂದ ಮಾಡುತ್ತೇವೆ. ಶುರುವಿನಲ್ಲೇ ಸಿಎಂವೈಕೆಯಲ್ಲಿ, ಅಂದರೆ ಆ ನಾಲ್ಕು ಶಾಯಿಯ ಲೆಕ್ಕದಲ್ಲಿ, ನೋಡಿಕೊಂಡು ಬಣ್ಣ ಹಾಕಿ.

ಕೊನೇದು ಅಕ್ಷರ. ಅಕ್ಷರವನ್ನು ಚಿತ್ರದ ಒಳಗೆ ಕೈಯಲ್ಲಿ ಬರೆಯಬೇಡಿ. ಬೇರೆಯಾಗಿ, ಬರೀ ಕಪ್ಪು ಶಾಯಿಯಲ್ಲಿ ಇದ್ದರೆ ಬೇರೆ ಭಾಷೆಗೆ ಅಚ್ಚು ಹಾಕುವಾಗ ಕಪ್ಪು ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕು. ಪ್ಲೇಟ್ ಅಂದರೆ ಅಚ್ಚಿನ ತಗಡು, ಒಂದೊಂದು ಶಾಯಿಗೆ ಒಂದೊಂದು. ಬಣ್ಣದ ಅಕ್ಷರ ಆದರೆ ಜಾಸ್ತಿ ಪ್ಲೇಟ್, ಜಾಸ್ತಿ ಖರ್ಚು. ಕನ್ನಡಕ್ಕೆ ಸಾಲಿನ ನಡುವೆ ಜಾಗವೂ ಜಾಸ್ತಿ ಬೇಕು. ಕೆಳಗೆ ಒತ್ತಕ್ಷರ ಇಳಿಯುತ್ತೆ, ಮೇಲೆ ಗುಣಿಸು ಬರುತ್ತೆ. ಇಂಗ್ಲಿಷ್ ಪುಸ್ತಕ ನೋಡಿ ಜಾಗ ಬಿಟ್ಟರೆ ಸಾಕಾಗಲ್ಲ.

ಗಂಗಾವತಿ ಹುಡುಗಿ
ಸರ್, ನಾನು ಎಲ್ಲ 12 ಚಿತ್ರದಲ್ಲೂ ಮಾತನ್ನು ಚಿತ್ರದ ಒಳಗೇ ಬಣ್ಣದಲ್ಲಿ ಬರೆದಿದ್ದೇನೆ. ಉತ್ತರ ಯಾಕೆ ಬರಲಿಲ್ಲ ಅಂತ ಈಗ ಸ್ವಲ್ಪ ಅರ್ಥ ಆಯಿತು.

ಪ್ರೆಸ್ ಮನೆ (ಬಳ್ಳಾರಿ)
ಅದೊಂದೇ ಕಾರಣ ಇರಲಿಕ್ಕಿಲ್ಲಮ್ಮ. ಬಳ್ಳಾರಿಗೆ ಬಂದರೆ ಪ್ರೆಸ್ಸಿಗೆ ಬನ್ನಿ, ಪ್ಲೇಟ್ ತೋರಿಸುತ್ತೇನೆ. ಒಂದು ಸಲ ಕಣ್ಣಾರೆ ನೋಡಿದರೆ ಮರೆಯಲ್ಲ.

ಹಗರಿ ದಂಡೆ
ನಮ್ಮ ಕಾಲದಲ್ಲಿ ಚಂದಮಾಮದ ಚಿತ್ರ ನೋಡಿಯೇ ಬೆಳೆದದ್ದು. ಕನ್ನಡದಲ್ಲಿ ಅದು ಶುರುವಾಗಿದ್ದು 1949ರಲ್ಲಿ. ಹಂಪಿಗೆ ಹೋಗಿ ವಿರೂಪಾಕ್ಷ ಗುಡಿಯ ಚಾವಣಿ ನೋಡಲಿ ಈ ಹುಡುಗಿ. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಅಂಥ ಚಿತ್ರ ಇರುವಾಗ ಬೆಂಗಳೂರು ಯಾಕೆ?

ಬಿಸಿಲೂರು (ರಾಯಚೂರು)
ಹಂಪಿ ಈಗ ವಿಜಯನಗರ ಜಿಲ್ಲೆ. 2021ರಲ್ಲೇ ಬೇರೆ ಆಯಿತು.

ಹಗರಿ ದಂಡೆ
ಕಾಗದದ ಮೇಲೆ ಬೇರೆ ಆಯಿತು. ನಮಗೆ ಬಳ್ಳಾರಿಯೇ.

ಡ್ರಾಯಿಂಗ್ ಮೇಷ್ಟ್ರು (ಸಿಂಧನೂರು)
ಜಿಲ್ಲೆ ಯಾವುದಾದರೂ ಇರಲಿ, ಆ ಚಾವಣಿ ಮಾತ್ರ ನೋಡಲೇಬೇಕು. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಅಲ್ಲಿದೆ. ಎಲ್ಲರೂ ಒಂದೇ ಕಡೆಗೆ ಸಾಗುತ್ತಾರೆ, ನಮ್ಮ ಕಣ್ಣೂ ಅವರ ಜೊತೆ ನಡೆಯುತ್ತೆ. ಪುಸ್ತಕಕ್ಕೂ ಅದೇ ಲೆಕ್ಕ. ನಾವು ಎಡದಿಂದ ಬಲಕ್ಕೆ ಓದುತ್ತೇವೆ. ಹುಡುಗಿ ಊರಿಂದ ಹೊರಟಿದ್ದರೆ ಬಲಕ್ಕೆ ನಡೆಯಲಿ, ವಾಪಸ್ ಬರುವಾಗ ಎಡಕ್ಕೆ. ಇಷ್ಟು ಮಾಡಿದರೆ ಮಗುವಿಗೆ ಮಾತಿಲ್ಲದೆಯೂ ದಾರಿ ತಿಳಿಯುತ್ತೆ.

ನಿಮಗೆ ಇನ್ನೂ ಹತ್ತಿರ ಅಂದರೆ ಹಿರೇಬೆಣಕಲ್. ಗುಡ್ಡ ಹತ್ತಿದರೆ ಕಲ್ಲಿನ ಸಮಾಧಿಗಳ ಜೊತೆ ಬಂಡೆಯ ಮೇಲೆ ಕೆಂಪು ಬಣ್ಣದ ಚಿತ್ರಗಳೂ ಇವೆ. ನಾಲ್ಕು ಗೆರೆಯಲ್ಲಿ ಮನುಷ್ಯ, ಐದು ಗೆರೆಯಲ್ಲಿ ಪ್ರಾಣಿ.

ಕಿನ್ನಾಳ ಬಣ್ಣ
ತೊಗಲುಗೊಂಬೆ ಮರೆಯಬೇಡಿ. ಅಕ್ಕ ಹೇಳಿದ ಕಪ್ಪು ಮಸಿಯ ಪರೀಕ್ಷೆ ಅಂದರೆ ಅದೇ ಅಲ್ವಾ. ತೊಗಲಿನ ಹಿಂದೆ ದೀಪ, ಮುಂದೆ ಪರದೆ. ಮುಖ ಪಕ್ಕದಿಂದ ಕಾಣುತ್ತೆ, ಸಣ್ಣ ಸಣ್ಣ ತೂತಿನಿಂದ ಒಡವೆ ಹೊಳೆಯುತ್ತೆ. ಹೊರಗೆರೆ ನೋಡಿಯೇ ಯಾರು ಅಂತ ಗೊತ್ತಾಗುತ್ತೆ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವಜ್ಜಿಗೆ 2024ರಲ್ಲಿ ಪದ್ಮಶ್ರೀ ಬಂತು.

ಎರೆಹೊಲ
2025ರಲ್ಲಿ. ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ಅವತ್ತು ನಮ್ಮ ಊರಲ್ಲೆಲ್ಲ ಅದೇ ಮಾತು.

ಕಿನ್ನಾಳ ಬಣ್ಣ
ಹೌದು, 2025. ತಪ್ಪಾಯಿತು.

ಹಗರಿ ದಂಡೆ
ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಗಾಂಧೀಜಿ ಕಥೆಯನ್ನೇ ತೊಗಲುಗೊಂಬೆಯಲ್ಲಿ ಆಡಿಸಿದ್ದರು. ಈಗ ಅವರಿಲ್ಲ. ಹಳೇ ಕಲೆಯಲ್ಲಿ ಹೊಸ ಕಥೆ ಹೇಳಬಹುದು ಅಂತ ತೋರಿಸಿಕೊಟ್ಟವರು.

ಬಿಸಿಲೂರು (ರಾಯಚೂರು)
ಎಲ್ಲರೂ ಕಲೆ ಬಗ್ಗೆ ಮಾತಾಡುತ್ತಿದ್ದೀರಿ, ದುಡ್ಡಿನ ಬಗ್ಗೆ ಯಾರೂ ಹೇಳುತ್ತಿಲ್ಲ. ಕೊಪ್ಪಳ ಅಕ್ಕ, ಈ ಐದು ಪುಸ್ತಕದಿಂದ ನಿಮ್ಮ ಮನೆ ನಡೆಯುತ್ತಾ?

ಕೊಪ್ಪಳ ಪೆನ್ಸಿಲ್
ನಡೆಯಲ್ಲ. ಮುಚ್ಚಿಡೋದು ಏನೂ ಇಲ್ಲ. ಬೆಳಗ್ಗೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕದ ಜೊತೆ ಶಾಲೆ ಗೋಡೆ, ಚಾರ್ಟು, ಪತ್ರಿಕೆಗೆ ಚಿತ್ರ ಅಂತ ಬರುತ್ತೆ. ಎರಡೂ ಸೇರಿದರೆ ಆಗುತ್ತೆ. ಅದಕ್ಕೇ ತಂಗಿಗೆ ಮಿಲ್ಲಿನ ಕೆಲಸ ಬಿಡಬೇಡ ಅಂತ ಹೇಳೋದು. ತಿಂಗಳ ಸಂಬಳ ಇದ್ದರೆ ಕೆಟ್ಟ ಕೆಲಸಕ್ಕೆ "ಬೇಡ" ಅನ್ನೋ ಧೈರ್ಯ ಇರುತ್ತೆ.

ನಾಲ್ಕನೇ ವರ್ಷ ಒಬ್ಬರು ಬಂದರು. ಅವರ ಪದ್ಯದ ಪುಸ್ತಕಕ್ಕೆ 22 ಚಿತ್ರ ಬರೆಸಿಕೊಂಡರು. "ಈಗ ದುಡ್ಡಿಲ್ಲ, ನಿನ್ನ ಹೆಸರು ಬರುತ್ತೆ" ಅಂದರು. ಪುಸ್ತಕ ಬಂದಾಗ ಹೆಸರೂ ಇರಲಿಲ್ಲ. ಎರಡು ವರ್ಷ ಆದಮೇಲೆ ಅದೇ ಚಿತ್ರಗಳು ಅವರ ಇನ್ನೊಂದು ಪುಸ್ತಕದಲ್ಲಿ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆರು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ಅಂಗನವಾಡಿ ಅಕ್ಕ (ರಾಯಚೂರು ಜಿಲ್ಲೆ)
ಇದು ಅನ್ಯಾಯ. ಬಿತ್ತಿದವರ ಹೆಸರೇ ಇಲ್ಲದ ಹಾಗೆ ಬೆಳೆ ಮಾರಿದರು.

ಕರಿಕೋಟು (ಬಳ್ಳಾರಿ)
ವಕೀಲನಾಗಿ ಎರಡು ಮಾತು. 1957ರ ಕಾಪಿರೈಟ್ ಕಾಯ್ದೆ ಇದೆ. ಅದರ 57ನೇ ಸೆಕ್ಷನ್ ಪ್ರಕಾರ ಕೃತಿ ತನ್ನದು ಅಂತ ಹೇಳಿಕೊಳ್ಳುವ ಹಕ್ಕು ಬರೆದವರದು. ಕಾಪಿರೈಟನ್ನೇ ಮಾರಿದ ಮೇಲೂ ಆ ಹಕ್ಕು ಉಳಿಯುತ್ತೆ. ಕಾಪಿರೈಟ್ ಬೇರೆಯವರಿಗೆ ಕೊಡುವುದಾದರೆ ಬರವಣಿಗೆಯಲ್ಲಿ, ಸಹಿ ಮಾಡಿ ಕೊಡಬೇಕು, ಅದು 19ನೇ ಸೆಕ್ಷನ್. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಆದರೆ ಒಂದು ಎಚ್ಚರ. ದುಡ್ಡು ಕೊಟ್ಟು ಬರೆಸಿಕೊಂಡ ಪೇಂಟಿಂಗ್ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಬರೆಸಿದವರೇ ಮೊದಲ ಮಾಲೀಕರು ಅನ್ನೋ ಮಾತು 17ನೇ ಸೆಕ್ಷನ್ನಿನಲ್ಲಿ ಇದೆ. ಹಾಗಾಗಿ ಬಾಯಿ ಮಾತಿಗೆ ಕೆಲಸ ಶುರು ಮಾಡಬೇಡಿ. ಒಂದು ಪುಟದ ಕಾಗದ ಸಾಕು. ಎಷ್ಟು ಚಿತ್ರ, ಎಷ್ಟು ಹಣ, ಯಾವಾಗ ಕೊಡುತ್ತಾರೆ, ಎಷ್ಟು ಸಲ ತಿದ್ದಿಕೊಡಬೇಕು, ಯಾವ ಪುಸ್ತಕಕ್ಕೆ ಮಾತ್ರ, ಹೆಸರು ಎಲ್ಲಿ ಬರಬೇಕು. ಮೂಲ ಹಾಳೆ ನಿಮ್ಮ ಹತ್ತಿರವೇ ಇರುತ್ತೆ ಅಂತಲೂ ಬರೆಯಿರಿ. ಸ್ಕ್ಯಾನ್ ಕೊಟ್ಟರೆ ಸಾಕು.

ಕೊಪ್ಪಳ ಪೆನ್ಸಿಲ್
ಮೂಲ ಹಾಳೆ ಆ 22ರಲ್ಲಿ ಒಂದೂ ನನ್ನ ಹತ್ತಿರ ಇಲ್ಲ.

ಬಿಸಿಲೂರು (ರಾಯಚೂರು)
ಅಕ್ಕ, ಅದು ಗೊತ್ತಿರಲಿಲ್ಲ. ಕ್ಷಮಿಸಿ. ಆದರೂ ನನ್ನ ಎಐ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಪ್ರೆಸ್ ಮನೆ (ಬಳ್ಳಾರಿ)
ಬಿಸಿಲೂರು ಅವರ ಮಾತು ಪೂರ್ತಿ ತಪ್ಪಲ್ಲ. ಈಚೆಗೆ ನಮ್ಮಲ್ಲಿಗೆ ಮುಖಪುಟ ಎಐಯಲ್ಲಿ ಮಾಡಿಸಿಕೊಂಡು ಬರುವವರು ಇದ್ದಾರೆ. ಮೊದಲು ಅದನ್ನು ಬಳ್ಳಾರಿಯಲ್ಲೇ ಇಬ್ಬರು ಹುಡುಗರು ಬರೆಯುತ್ತಿದ್ದರು. ಈಗ ಅವರಿಗೆ ಕೆಲಸ ಕಡಿಮೆ. ಇದನ್ನು ಕಣ್ಣಾರೆ ನೋಡುತ್ತಿದ್ದೇನೆ, ಸಂಕಟ ಆಗುತ್ತೆ.

ಕೊಪ್ಪಳ ಪೆನ್ಸಿಲ್
ನನಗೂ ಭಯ ಇದೆ. ನಾನೂ "ಜೋಳದ ರೊಟ್ಟಿ ಬಡಿಯುವ ಅಜ್ಜಿ" ಅಂತ ಹಾಕಿ ನೋಡಿದೆ. ಮೂರು ಸಲವೂ ಲಟ್ಟಣಿಗೆ ಬಂತು. ನಾನು ಎರಡನೇ ವರ್ಷದಲ್ಲಿ ಮಾಡಿದ ತಪ್ಪೇ. ಅದೂ ಬೇರೆಯವರ ಚಿತ್ರ ನೋಡಿ ಕಲಿತದ್ದು, ನಾನೂ ಹಾಗೇ ಕಲಿತಿದ್ದೆ. ನಾಳೆ ಅದು ಸರಿಯಾಗಿ ಬರೆಯಲೂಬಹುದು, ಅದು ನನಗೆ ಗೊತ್ತು. ಆದರೆ ಆ ಒಂದು ತಿಂಗಳು ಅಮ್ಮನ ಪಕ್ಕ ಕೂತದ್ದರಿಂದ ನನಗೆ ರೊಟ್ಟಿ ಮಾತ್ರ ಬರೆಯೋಕೆ ಬಂದದ್ದಲ್ಲ. ಅಮ್ಮ ರೊಟ್ಟಿ ಬಡಿಯುತ್ತಾ ಹೇಳಿದ ಒಂದು ಕಥೆಯೇ ನನ್ನ ಮೂರನೇ ಪುಸ್ತಕ ಆಯಿತು. ಕೆಲಸ ಕಡಿಮೆ ಆಗಬಹುದು ಬಿಸಿಲೂರು ಅಣ್ಣ. ಆದರೂ ಆ ತಿಂಗಳನ್ನು ನಾನು ಬಿಟ್ಟುಕೊಡಲ್ಲ.

ಬಿಸಿಲೂರು (ರಾಯಚೂರು)
ಆ ಮೂರನೇ ಪುಸ್ತಕ ಎಲ್ಲಿ ಸಿಗುತ್ತೆ? ಮಗಳಿಗೆ ಬೇಕು.

ಕೊಪ್ಪಳ ಪೆನ್ಸಿಲ್
ಬೇರೆಯಾಗಿ ಮೆಸೇಜ್ ಹಾಕುತ್ತೇನೆ ಅಣ್ಣ. ಇಲ್ಲಿ ನನ್ನದೇ ಜಾಹೀರಾತು ಬೇಡ.

ಎರೆಹೊಲ
ಒಂದು ಸಂದೇಹ. ಈ ಕೆಲಸಕ್ಕೆ ಕನ್ನಡದಲ್ಲಿ ಏನು ಅನ್ನಬೇಕು? ಇಲಸ್ಟ್ರೇಟರಾ, ಚಿತ್ರಕಾರರಾ, ಕಲಾವಿದರಾ?

ಕಿನ್ನಾಳ ಬಣ್ಣ
ನಮ್ಮೂರಲ್ಲಿ ಚಿತ್ರಗಾರ ಅಂದರೆ ನಮ್ಮ ಜನದ ಹೆಸರೇ.

ಡ್ರಾಯಿಂಗ್ ಮೇಷ್ಟ್ರು (ಸಿಂಧನೂರು)
ಪುಸ್ತಕದ ಮೇಲೆ "ಚಿತ್ರಗಳು" ಅಂತ ಹಾಕಿ ಮುಂದೆ ಹೆಸರು ಹಾಕಿದರೆ ಆಯಿತು. ಬರೆದವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು, ಅದು ಮುಖ್ಯ.

ಗಂಗಾವತಿ ಹುಡುಗಿ
ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅಪ್ಪನಿಗೂ ಓದಿ ಹೇಳಿದೆ. ಮಿಲ್ಲಿನ ಕೆಲಸ ಬಿಡಲ್ಲ ಅಂದಿದ್ದಕ್ಕೆ ಅವರಿಗೆ ಸಮಾಧಾನ. ವರ್ಷದ ಲೆಕ್ಕ ಕೇಳಲಿಲ್ಲ. ಬ್ಯಾಂಕ್ ಪರೀಕ್ಷೆಯ ಮಾತು ಈ ತಿಂಗಳು ಬಂದಿಲ್ಲ, ಮುಂದಿನ ತಿಂಗಳು ಬರಬಹುದು.

ಡಮ್ಮಿ ಮಾಡಿದೆ. 24 ಪುಟಕ್ಕೆ ಹಾಕಿದಾಗ ನನ್ನ 12 ಚಿತ್ರದಲ್ಲಿ ಐದು ಒಂದೇ ಮಾತು ಹೇಳುತ್ತಿದ್ದವು. ತೆಗೆದುಹಾಕಿದೆ. ಹುಡುಗಿಯನ್ನು ಈಗ 30 ಸಲ ಬರೆದಿದ್ದೇನೆ. ಕಪ್ಪು ಮಸಿ ಹಾಕಿದರೆ ಇನ್ನೂ ಅವಳ ತಮ್ಮನ ಹಾಗೇ ಕಾಣುತ್ತಾಳೆ.

ಅಮ್ಮನ ಕೈ ಬರೆಯೋಕೆ ಕೂತಿದ್ದೆ ಅಕ್ಕ. ಒಂದು ತೊಂದರೆ. ಬಡಿಯುವಾಗ ಬಳೆ ಎಲ್ಲಿರುತ್ತೆ? ನಾನು ಮಣಿಕಟ್ಟಿನಲ್ಲಿ ಬರೆದರೆ ಏನೋ ಸರಿ ಕಾಣುತ್ತಿಲ್ಲ. ಕೈ ಇಷ್ಟು ಬೇಗ ಆಡುತ್ತೆ, ಹಿಡಿಯೋಕೇ ಆಗುತ್ತಿಲ್ಲ.

ಅಂಗನವಾಡಿ ಅಕ್ಕ (ರಾಯಚೂರು ಜಿಲ್ಲೆ)
ಬಳೆ ಮೇಲಕ್ಕೆ ಸರಿಸಿಕೊಳ್ಳುತ್ತೇವೆ ತಂಗಿ, ಮುಂಗೈ ದಪ್ಪ ಇರುವ ಕಡೆ ಬಿಗಿಯಾಗಿ ಕೂರುತ್ತೆ. ಇಲ್ಲದಿದ್ದರೆ ಹಿಟ್ಟು ಮೆತ್ತಿಕೊಳ್ಳುತ್ತೆ.

ಕೊಪ್ಪಳ ಪೆನ್ಸಿಲ್
ಹೌದು. ಬಳೆ ಸರಿಸಿದ ಜಾಗದಲ್ಲಿ ಮಣಿಕಟ್ಟಿನ ಮೇಲೆ ಸಣ್ಣ ಗೆರೆ ಬಿದ್ದಿರುತ್ತೆ, ಅದನ್ನೂ ನೋಡು. ಭಾನುವಾರ ಕೊಪ್ಪಳಕ್ಕೆ ಬಾ, ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯೋಣ. ಆ 30 ಹಾಳೆಗಳನ್ನೂ ತಾ.

ಕಿನ್ನಾಳ ಬಣ್ಣ
ನಾನೂ ಬರುತ್ತೇನೆ. ಎಷ್ಟು ಗಂಟೆಗೆ?

ಕೊಪ್ಪಳ ಪೆನ್ಸಿಲ್
ಬೆಳಗ್ಗೆ ಏಳಕ್ಕೆ. ಹತ್ತಾದರೆ ಬಿಸಿಲಿಗೆ ಕೂರೋಕೆ ಆಗಲ್ಲ. ನೀರಿನ ಬಾಟಲಿ ತನ್ನಿ.